ನಮ್ಮ ಫ್ರಿಜ್ಜಿನಲ್ಲಿದ್ದ ಬೆಟ್ಟದ ಮಣ್ಣು

ಅವರೆಬೇಳೆ ಹಿದುಕುತ್ತ ಕೂತಿದ್ದೆ, ಫೋನು ಬಂತು. ರಾತ್ರಿ ನೆನೆಹಾಕಿದ್ದ ಕಾಳು, ದೊಡ್ಡ ಪಾತ್ರೆಯ ತುಂಬ ಇತ್ತು. ಪೂಜೆ ಮುಗಿಸಿ, ನಮ್ಮನೆಯವರನ್ನು ಯಶವಂತಪುರಕ್ಕೆ ಕೆಲಸಕ್ಕೆ ಕಳಿಸಿ, ವರಾಂಡಕ್ಕೆ ಬೀಳುವ ಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದೆ. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಜಾರಿ ತಟ್ಟೆಗೆ ಬೀಳುತ್ತೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತೆ. ಎರಡೂ ಕೈ ಒದ್ದೆಯಾಗಿತ್ತು. ಮೊಣಕೈಯಿಂದಲೇ ಹೇಗೋ ತಿವಿದು ಫೋನನ್ನು ಸ್ಪೀಕರ್‌ಗೆ ಹಾಕಿದೆ.

"ಅತ್ತಿಗೆ, ರಿಸಲ್ಟ್ ಬಂತು" ಅಂದಳು ರೇವತಿ.

"ಸದ್ಯ, ದೇವರು ದೊಡ್ಡವನು. ಹೇಗಿದೆ?"

"ಮೇಲಿನ ಮೂರು ಸರಿಯಾಗಿದೆ. ಕೆಳಗಿನ ಎರಡು ತಲೆಕೆಳಗಾಗಿದೆ."

"ಹಂಗಂದ್ರೆ?"

"ಕೆಳಗಿನ ಮಣ್ಣು ಮೇಲಿನದಕ್ಕಿಂತ ಎಳೇದು ಅಂತ ಬಂದಿದೆ. ಅಜ್ಜಿ ಮೊಮ್ಮಗಳಿಗಿಂತ ಚಿಕ್ಕವಳಾದ ಹಾಗೆ. ಇರಿ, ಮೇಡಂ ಕರೀತಿದಾರೆ, ಆಮೇಲೆ ಮಾಡ್ತೀನಿ."

ಫೋನಿಟ್ಟಳು. ನಾನು ಉಳಿದ ಕಾಳು ಹಿದುಕಿದೆ. ಆಗ ನನಗೆ ಏನೂ ಹೊಳೆಯಲಿಲ್ಲ. ಮಧ್ಯಾಹ್ನಕ್ಕೆ ಹಿದುಕಿದ ಬೇಳೆ ಸಾರು ಮಾಡಿ, ಮೇಲೆ ಒಂಚೂರು ತುಪ್ಪ ಹಾಕಿ ಮುಚ್ಚಿಟ್ಟೆ, ಅವಳು ಬಂದಮೇಲೆ ಬಿಸಿ ಮಾಡಿ ಕೊಟ್ಟರಾಯಿತು ಅಂತ.

ಇದಾಗಿ ಮೂರು ವರ್ಷವಾಯಿತು. ಈ ಸಲ ಮೊದಲ ಸೊಗಡಿನ ಅವರೆ ತಳ್ಳುಗಾಡಿಯಲ್ಲಿ ಬಂದ ದಿನ, ಕಾಯಿ ಬಿಡಿಸಿದ ಕೈಯನ್ನು ಮೂಸಿ ನೋಡಿಕೊಂಡಾಗ ಆ ವರ್ಷವೆಲ್ಲ ಒಟ್ಟಿಗೇ ಬಂದು ನಿಂತಿತು. ಅಳು ಬರಲಿಲ್ಲ. ಆವತ್ತೂ ಬಂದಿರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಆ ಚಳಿಗಾಲ ಪೂರ್ತಿ ಜೋಮು ಹಿಡಿದಿತ್ತು ನನಗೆ. ಇಷ್ಟು ದಿನವಾದ ಮೇಲೆ ಬರೆದಿಟ್ಟರೆ ತಪ್ಪಿಲ್ಲ ಅನ್ನಿಸಿದೆ.

ರೇವತಿ ನಮ್ಮನೆಯವರ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ಒಂದು ಸೂಟ್‌ಕೇಸ್ ಹಿಡಿದುಕೊಂಡು ಯಲಹಂಕದ ನಮ್ಮ ಮನೆಗೆ ವಾಪಸು ಬಂದಳು. ಯಾಕೆ ಅಂತ ಅವಳು ಹೇಳಲಿಲ್ಲ, ನಾವೂ ಕೆದಕಲಿಲ್ಲ. ಕೆಲವು ವರ್ಷ ಸ್ಕೂಲಿನಲ್ಲಿ ಪಾಠ ಹೇಳಿದಳು. ಆಮೇಲೆ, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಾಣಿಸಿಕೊಂಡ ಕಾಲಕ್ಕೆ, ಒಬ್ಬರು ಮೇಡಂ ಕೈಕೆಳಗೆ ಪಿಎಚ್.ಡಿ. ಮಾಡ್ತೀನಿ ಅಂತ ಹೊರಟಳು. "ಈ ವಯಸ್ಸಲ್ಲಿ ಮಣ್ಣು ಅಗೆಯೋಕೆ ಹೊರಟಿದೀಯಲ್ಲೇ" ಅಂತ ಇವರು ರೇಗಿಸಿದರೆ, "ಅಣ್ಣ, ನಾನು ನೋಡೋ ಮಣ್ಣಿನ ಮುಂದೆ ನಾನಿನ್ನೂ ಕೂಸು" ಅನ್ನುತ್ತಿದ್ದಳು.

ಅವಳ ಕೆಲಸ ಏನು ಅಂತ ನನಗೆ ತಿಳಿದಿದ್ದು ಚಪಾತಿ ಲಟ್ಟಿಸುವಾಗ. ನಾನು ಲಟ್ಟಿಸುವುದು, ಅವಳು ಬೇಯಿಸುವುದು, ಆಗ ಬಾಯಿ ಇಬ್ಬರಿಗೂ ಬಿಡುವಾಗಿರುತ್ತಿತ್ತು. ಹಿಮಯುಗ ಅಂತ ಒಂದಿತ್ತಂತೆ. ಉತ್ತರದ ದೇಶಗಳೆಲ್ಲ ಮಂಜುಗಡ್ಡೆ ಹೊದ್ದು ಮಲಗಿದ್ದಾಗ ನಮ್ಮ ಕಡೆ ಮಳೆಯೇ ಸೊರಗಿಹೋಗಿತ್ತಂತೆ. ಆಮೇಲೆ ಆ ಗಡ್ಡೆ ಕರಗಿ, ನಮಗೆ ಮುಂಗಾರು ತಿರುಗಿ ಬಂತು. ಹೇಗೆ ಬಂತು, ಮೆಲ್ಲಗೆ ಬಂತೋ ಒಂದೇ ಸಲ ನುಗ್ಗಿತೋ, ಅದು ಇವಳ ಪ್ರಶ್ನೆ. ಅದಕ್ಕೆ ಉತ್ತರ ನೀಲಗಿರಿ ಬೆಟ್ಟದ ಮೇಲಿನ ಒಂದು ಜೌಗಿನಲ್ಲಿತ್ತು. ಹುಲ್ಲು ಸೊಪ್ಪು ಸತ್ತು, ಪೂರ್ತಿ ಕೊಳೆಯದೆ ನೀರಲ್ಲಿ ಪದರಪದರವಾಗಿ ಕೂತ ಕಪ್ಪು ಮಣ್ಣು. ಅದರೊಳಗೆ ಉದ್ದ ಕೊಳವೆ ಇಳಿಸಿ, ಕಬ್ಬಿನ ಜಲ್ಲೆಯ ಹಾಗೆ ಮಣ್ಣನ್ನು ಹೊರಗೆ ತೆಗೆದಿದ್ದರು. ಆಳಕ್ಕೆ ಹೋದಷ್ಟೂ ಹಳೆಯದು.

"ಎಷ್ಟು ಹಳೇದು ಅಂತ ಯಾರು ಹೇಳ್ತಾರೆ? ಅಲ್ಲೇನು ಕಲ್ಲಲ್ಲಿ ಕೆತ್ತಿದಾರಾ?" ಅಂತ ಕೇಳಿದ್ದೆ.

"ಕಾರ್ಬನ್ ಹೇಳುತ್ತೆ ಅತ್ತಿಗೆ. ಗಿಡ ಬದುಕಿರೋವರೆಗೂ ಗಾಳಿಯಿಂದ ಒಂದು ಜಾತಿ ಕಾರ್ಬನ್ ತಗೋತಾನೇ ಇರುತ್ತೆ. ಸತ್ತ ಗಳಿಗೆಯಿಂದ ತಗೊಳೋದು ನಿಂತ್ಹೋಗುತ್ತೆ. ಒಳಗಿರೋದು ಕರಗ್ತಾ ಹೋಗುತ್ತೆ. ಐದೂಮುಕ್ಕಾಲು ಸಾವಿರ ವರ್ಷಕ್ಕೆ ಅರ್ಧ ಉಳಿಯುತ್ತೆ, ಇನ್ನೂ ಅಷ್ಟೇ ವರ್ಷಕ್ಕೆ ಅದರಲ್ಲಿ ಅರ್ಧ. ಎಷ್ಟು ಉಳಿದಿದೆ ಅಂತ ಅಳೆದ್ರೆ ಸತ್ತು ಎಷ್ಟು ಕಾಲವಾಯ್ತು ಅಂತ ಗೊತ್ತಾಗುತ್ತೆ."

"ಅಂದ್ರೆ ಸತ್ತ ದಿನದಿಂದ ಸೂತಕ ಎಣಿಸಿದ ಹಾಗೆ."

"ಹೂಂ. ಹತ್ತು ದಿನಕ್ಕೆ ಮುಗಿಯದ ಸೂತಕ" ಅಂತ ನಕ್ಕು, ಚಪಾತಿ ಸೀಯಿಸಿದಳು.

ಆ ಮಣ್ಣು ನಮ್ಮ ಮನೆಗೆ ಬಂದಿದ್ದು ನವರಾತ್ರಿ ಶುರುವಾಗುವ ಮುಂಚೆ. ಅವಳ ಡಿಪಾರ್ಟ್‌ಮೆಂಟಿನಲ್ಲಿ ತಣ್ಣಗಿಡುವ ರೂಮು ಕೆಟ್ಟು, ರಿಪೇರಿಗೆ ಬೀಗ ಹಾಕಿದ್ದರು. ಅಳೆಯುವುದಕ್ಕೆ ಕಳಿಸಬೇಕಾದ ಐದು ತುಣುಕುಗಳನ್ನು ಅವಳು ಮನೆಗೆ ತಂದಳು. ಒಂದೊಂದೂ ಒಂದು ಪುಟ್ಟ ಬರ್ಫಿಯಷ್ಟು, ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿ, ಮೇಲೆ ಒಂದರಿಂದ ಐದರವರೆಗೆ ನಂಬರ್ ಬರೆದಿತ್ತು. ಐದನೆಯದು ಎಲ್ಲಕ್ಕಿಂತ ಆಳದ್ದು. ಫ್ರಿಜ್ಜಿನ ತರಕಾರಿ ಟ್ರೇ ತೊಳೆದು ಒರೆಸಿ ಬಿಟ್ಟುಕೊಟ್ಟೆ. ಕೊತ್ತಂಬರಿ ಸೊಪ್ಪು ಮೇಲಿನ ಅಂತಸ್ತಿಗೆ ಹೋಯಿತು.

"ಇದನ್ನ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ" ಅಂದಳು. "ಕೈ ತಾಗಬಾರದು, ಪೇಪರ್ ತಾಗಬಾರದು, ಹತ್ತಿಬಟ್ಟೆ ತಾಗಬಾರದು. ಒಂದು ಕೂದಲೂ ಬೀಳಬಾರದು."

"ಒಟ್ಟಿನಲ್ಲಿ ಮಡಿ ಅನ್ನು."

"ಹಾಗೇ ಅಂದ್ಕೊಳಿ. ಮಹಾ ಮಡಿ."

"ಬಿಡು, ಮಡಿ ವಿಷಯ ನನಗೆ ಹೇಳಿಕೊಡ್ತೀಯ" ಅಂದೆ. ನಮ್ಮನೆಯವರು ಊಟಕ್ಕೆ ಕೂತಿದ್ದವರು, "ಮೊಸರು ತೆಗೀಬೇಕಾದ್ರೂ ಇನ್ಮೇಲೆ ಸ್ನಾನ ಮಾಡ್ಕೊಂಡು ಬರ್ಬೇಕಾ?" ಅಂತ ಕೇಳಿದರು. ಅವತ್ತು ಮೂವರೂ ಚೆನ್ನಾಗಿ ನಕ್ಕಿದ್ದೆವು.

ಮಾತು ಕೊಟ್ಟ ಹಾಗೇ ನಡೆದುಕೊಂಡೆ. ಆ ದಿನಗಳಲ್ಲಿ ಸ್ನಾನವಾಗದೆ ಆ ಟ್ರೇ ಎಳೆಯಲಿಲ್ಲ. ಪಕ್ಕದ ಮನೆಯ ಮಗು ಐಸ್‌ಕ್ರೀಮ್ ಅಂತ ಫ್ರಿಜ್ಜಿಗೆ ಕೈ ಹಾಕಲು ಬಂದಾಗ ಗದರಿದೆ. ಹನ್ನೊಂದು ದಿನ ಕರೆಂಟು ಹೆಚ್ಚು ಹೊತ್ತು ಹೋಗಲಿಲ್ಲ, ಅದೂ ಅವನ ದಯೆಯೇ ಅಂದುಕೊಂಡೆ. ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಒಂದೊಂದಾಗಿ ನೆನೆಸಿಕೊಳ್ಳುವುದು ನನ್ನ ಅಮ್ಮ ಕಲಿಸಿದ ಅಭ್ಯಾಸ. ಗ್ಯಾಸು ಅಡುಗೆಯ ಮಧ್ಯ ಮುಗಿಯಲಿಲ್ಲ. ಇವರ ಸ್ಕೂಟರ್ ಹೆಬ್ಬಾಳದ ಮಳೆಯಲ್ಲಿ ಕೆಟ್ಟು ನಿಲ್ಲಲಿಲ್ಲ. ಫ್ರಿಜ್ಜು ನಡೆಯುತ್ತಿದೆ. ಹೀಗೆ.

ಆಯುಧಪೂಜೆಯ ದಿನ ರೇವತಿ ಬೆಳಿಗ್ಗೆಯೇ ಡಿಪಾರ್ಟ್‌ಮೆಂಟಿಗೆ ಹೋಗಿದ್ದಳು. ಅಲ್ಲೂ ಯಂತ್ರಗಳಿಗೆ ಪೂಜೆ ಇತ್ತು. ಇಲ್ಲಿ ನಾನು ಮಿಕ್ಸಿ, ಗ್ರೈಂಡರ್, ಹೊಲಿಗೆ ಮಷೀನು, ಈಳಿಗೆಮಣೆ, ಇವರ ಸ್ಪ್ಯಾನರ್ ಡಬ್ಬ, ಸ್ಕೂಟರ್, ಎಲ್ಲ ತೊಳೆದು ಒರೆಸಿ ಅರಿಶಿನ ಕುಂಕುಮ ಇಟ್ಟೆ. ಫ್ರಿಜ್ಜಿನ ಬಾಗಿಲಿಗೂ ಗಂಧ ಹಚ್ಚಿ ಒಂದು ಸೇವಂತಿಗೆ ಅಂಟಿಸಿದೆ. ಆಗ ಮನಸ್ಸಿಗೆ ಬಂತು. ಮನೆಯಲ್ಲಿರುವ ವಸ್ತುಗಳಲ್ಲೆಲ್ಲ ಹಿರಿಯದು ಒಳಗೆ ಕತ್ತಲಲ್ಲಿ ಕೂತಿದೆ. ನಮ್ಮ ದೇವರಮನೆಯ ಸಾಲಿಗ್ರಾಮ ನಮ್ಮ ಮಾವನವರ ಅಜ್ಜನ ಕಾಲದ್ದು, ಅದಕ್ಕೇ ಅಷ್ಟು ಭಕ್ತಿ. ಇದು ಹನ್ನೆರಡು ಹದಿಮೂರು ಸಾವಿರ ವರ್ಷದ ಭೂದೇವಿ, ರೇವತಿಯ ಮುಂದಿನ ಬಾಳೆಲ್ಲ ಇದರ ಮೇಲೆ ನಿಂತಿದೆ. ಮಿಕ್ಸಿಗೆ ಇಟ್ಟ ಕುಂಕುಮ ಇದಕ್ಕಿಲ್ಲವೇ?

ಮುಟ್ಟಬಾರದು ಅಂದಿದ್ದಳು, ನಿಜ. ಆದರೆ ಮುಟ್ಟಬಾರದ್ದನ್ನು ಮಡಿಯಲ್ಲಿದ್ದವರು ಮುಟ್ಟಬಹುದು ಅನ್ನುವುದು ನಾನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದು. ಮಡಿಸೀರೆಯಲ್ಲೇ ಇದ್ದೆ. ಬಾಕಿ ಮೂರಕ್ಕೆ ಕೈ ಹಾಕಲಿಲ್ಲ. ಅತಿ ಹಿರಿಯವೆರಡನ್ನು, ನಾಲ್ಕು ಮತ್ತು ಐದನ್ನು, ದೇವರ ಮುಂದೆ ತಟ್ಟೆಯಲ್ಲಿಟ್ಟು ಹಾಳೆ ಬಿಡಿಸಿದೆ. ಕಪ್ಪಗೆ, ಜಿಗುಟಾಗಿ, ಹೊಸ ಹುಣಸೆಹಣ್ಣಿನ ಹಾಗಿತ್ತು. ಮಳೆ ನಿಂತ ಮೇಲಿನ ವಾಸನೆ ಸಣ್ಣಗೆ ಬರುತ್ತಿತ್ತು. ಅಭಿಷೇಕಕ್ಕೆ ಇಟ್ಟಿದ್ದ ಹಾಲನ್ನು ಪೂಜೆಯ ಪುಟ್ಟ ಚಮಚದಲ್ಲಿ ಒಂದೊಂದಕ್ಕೆ ಒಂದೊಂದು ಉದ್ಧರಣೆ ಬಿಟ್ಟೆ. ಮಣ್ಣು ಕುಡಿದುಬಿಟ್ಟಿತು. ಗಂಧದ ಬೊಟ್ಟಿಟ್ಟೆ. ರೇವತಿಯ ಕೆಲಸ ಹೂವೆತ್ತಿದ ಹಾಗೆ ಆಗಲಿ ತಾಯಿ ಅಂತ ಕೈಮುಗಿದೆ. ಆಮೇಲೆ ಬೊಟ್ಟನ್ನು ಬೆರಳಿಂದ ತೆಗೆದು, ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಒಳಗಿಟ್ಟೆ. ಅವಳಿಗೆ ಹೇಳಲಿಲ್ಲ. ಬಚ್ಚಿಡಬೇಕು ಅಂತೇನಲ್ಲ, ಹೇಳುವಂಥದ್ದು ಅನ್ನಿಸಲಿಲ್ಲ.

ದಸರಾ ಮುಗಿದ ಮೇಲೆ ಅವು ಅಳೆಯುವ ಕಡೆಗೆ ಹೋದವು. ದೀಪಾವಳಿ ಬಂತು ಹೋಯಿತು. ಕಾರ್ತಿಕದ ದೀಪ ಮುಗಿಯಿತು. ಧನುರ್ಮಾಸದ ಬೆಳಗಿನ ಮಂಜಿನಲ್ಲಿ ದೇವಸ್ಥಾನಕ್ಕೆ ಹೋಗಿ ಹುಗ್ಗಿ ಪ್ರಸಾದ ತರುತ್ತಿದ್ದೆ. ಆ ಹೊತ್ತಿಗೆ ಫೋನು ಬಂತು, ಮೊದಲೇ ಹೇಳಿದೆನಲ್ಲ, ಅವರೆಬೇಳೆ ಹಿದುಕುವಾಗ.

ಆ ವಾರ ರೇವತಿ ಊಟ ಸರಿಯಾಗಿ ಮಾಡಲಿಲ್ಲ. ನಂತರ ಒಂದು ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡಿದಳು. ಅವಳ ಮುಖ ಹಾಗೆ ಹೊಳೆದದ್ದು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

"ಮೇಡಂ ಏನಂದ್ರು ಗೊತ್ತಾ? ಇದು ತಪ್ಪಲ್ಲ, ಇದೇ ವಿಷಯ ಅಂದ್ರು!"

ಊಟಕ್ಕೆ ಕೂತಾಗ ತಟ್ಟೆಯಲ್ಲೇ ತೋರಿಸಿದಳು. ಅನ್ನವನ್ನು ಪದರವಾಗಿ ಹರಡಿದಳು. ಸುಮಾರು ಆರು ಸಾವಿರ ವರ್ಷದ ಹಿಂದೆ ಆ ಬೆಟ್ಟದಲ್ಲಿ ಒಂದು ಮಹಾಮಳೆ ಬಂದಿದೆ. ದಂಡೆಯ ಮೇಲಿನ ಹಳೇ ಮಣ್ಣನ್ನು ಕೊಚ್ಚಿಕೊಂಡು ಬಂದು ಎಳೇ ಮಣ್ಣಿನ ಮೇಲೆ ಸುರಿದಿದೆ. ಅದಕ್ಕೇ ಹಳೆಯದು ಮೇಲೆ, ಎಳೆಯದು ಕೆಳಗೆ. ಇಲ್ಲಿಯವರೆಗೆ ಈ ಮಳೆಯ ಸುದ್ದಿ ಯಾರೂ ಎತ್ತಿಲ್ಲ. ಮೇಡಂ ಮಾರ್ಚಿಗೆ ರಿಟೈರ್ ಆಗುವ ಮೊದಲು ಇದನ್ನು ಇಬ್ಬರ ಹೆಸರಲ್ಲೂ ಬರೆದು ಕಳಿಸಬೇಕು ಅಂದಿದ್ದಾರೆ. ಉತ್ತರದ ಕಡೆ ಒಂದು ಸಂಸ್ಥೆಯಲ್ಲಿ ಇಂಥ ಮಣ್ಣು ನೋಡುವ ಕೆಲಸ ಖಾಲಿ ಇದೆ, ಅವರೇ ಶಿಫಾರಸು ಮಾಡುತ್ತಾರೆ.

"ಕೆಲಸ ಅಂದ್ರೆ ಖಾಯಂ?" ಇವರು ಕೇಳಿದರು.

"ಖಾಯಂ ಅಣ್ಣ. ಕ್ವಾರ್ಟರ್ಸ್ ಸಮೇತ."

ಇವರು ತುತ್ತು ಹಿಡಿದ ಕೈ ಹಾಗೇ ಇಟ್ಟುಕೊಂಡು ತಂಗಿಯನ್ನೇ ನೋಡುತ್ತಿದ್ದರು. ನಾನು ಕೇಳಿದೆ, "ಮತ್ತೆ ಮೊದಲು ತಪ್ಪು ಅಂತ ಯಾಕೆ ಅಂದ್ಕೊಂಡ್ರಿ?"

"ಬೇರೆ ಕಾರ್ಬನ್ ಸೇರಿದ್ರೆ ಹೀಗಾಗುತ್ತೆ. ಇವತ್ತಿನ ಕಾರ್ಬನ್ ಒಂಚೂರು ಒಳಗೆ ಹೋದ್ರೆ ಸಾವಿರಗಟ್ಟಲೆ ವರ್ಷ ಎಳೇದಾಗಿ ತೋರಿಸುತ್ತೆ. ಅಳೆಯೋ ಮುಂಚೆ ತೊಳೀತಾರೆ, ಆದ್ರೂ ಒಳಗೆ ಇಳಿದಿದ್ದು ಪೂರ್ತಿ ಹೋಗಲ್ಲ. ಮೇಡಂ ಮೊದಲು ಅದನ್ನೇ ಕೇಳಿದ್ರು. ನಾನಂದೆ, ಸಾಧ್ಯಾನೇ ಇಲ್ಲ, ನಮ್ಮತ್ತಿಗೆ ಕಾವಲಲ್ಲಿತ್ತು, ಡಿಪಾರ್ಟ್‌ಮೆಂಟಲ್ಲೂ ಅಷ್ಟು ಚೆನ್ನಾಗಿ ನೋಡ್ಕೊಳ್ತಿರಲಿಲ್ಲ ಅಂತ."

ನನ್ನ ಕೈಯಲ್ಲಿ ಮಜ್ಜಿಗೆ ಪಾತ್ರೆ ಇತ್ತು. ಕೆಳಗಿಟ್ಟೆ.

"ಹಾಲಲ್ಲಿ ಇರುತ್ತಾ ಅದು?"

"ಎಲ್ಲದರಲ್ಲೂ ಇರುತ್ತೆ ಅತ್ತಿಗೆ. ಹಾಲು, ಹೂವು, ನೀವು, ನಾನು. ಯಾಕೆ?"

"ಸುಮ್ನೆ ಕೇಳ್ದೆ."

ಮಜ್ಜಿಗೆ ಬಡಿಸಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ನನಗೆ ಆಶ್ಚರ್ಯವಾಗುವುದು ಅದೇ. ನನ್ನ ಎರಡು ಉದ್ಧರಣೆ ಹಾಲು ಅವರ ಕಣ್ಣಿಗೆ ಬೆಟ್ಟ ಕೊಚ್ಚುವ ಮಳೆಯಾಗಿ ಕಂಡಿದೆ ಅಂತ ತಲೆಗೆ ತಿಳಿಯುತ್ತಿತ್ತು. ತಲೆಯಿಂದ ಕೆಳಗೆ ಇಳಿಯಲಿಲ್ಲ.

ಮಾರನೇ ದಿನ ಇವರು ಸ್ಕೂಟರ್ ಒರೆಸುತ್ತಿದ್ದಾಗ ಹೊರಗೆ ಹೋಗಿ ಹೇಳಿದೆ. ಕೇಳಿ ಮುಗಿಸಿ, ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು.

"ಗ್ಯಾರಂಟೀನಾ ಅದರಿಂದಲೇ ಅಂತ?"

"ನನಗೇನು ಗೊತ್ತು ರೀ. ಸರಿಯಾಗಿ ಆ ಎರಡೇ ಕೆಟ್ಟಿರೋದು."

"ಸುಮ್ನಿದ್ದುಬಿಡು ಕಣೇ. ಆರು ಸಾವಿರ ವರ್ಷದ ಹಿಂದೆ ಮಳೆ ಬಂತೋ ಬಿಡ್ತೋ, ಈಗ ಯಾರ ಮನೆ ಸೋರ್ತಿದೆ? ಅವಳ ಬಾಳು ಈಗ ದಡ ಹತ್ತುತಿದೆ."

ಅದು ತಂಗಿಯ ಮೇಲಿನ ಪ್ರೀತಿಯ ಮಾತು. ನಾನು ತಪ್ಪು ಹೇಳುವುದಿಲ್ಲ. ಸುಮ್ಮನಿದ್ದೆ.

ಸುಮ್ಮನಿದ್ದ ಆ ಮೂರು ವಾರ ಹೇಗೆ ಕಳೆಯಿತು ಅಂತ ಕೇಳಿದರೆ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡು ಹೋಯಿತು. ಬತ್ತಿ ಹೊಸೆಯಿತು, ದೀಪ ಹಚ್ಚಿತು, ಮಂಗಳಾರತಿ ಎತ್ತಿತು. ನನ್ನ ಮನಸ್ಸು ಅಲ್ಲಿರಲಿಲ್ಲ. ಆ ದಿನದ ಉಪಕಾರ ನೆನೆಸಲು ನಿಂತರೆ ಒಂದೇ ಒಂದು ಬರುತ್ತಿತ್ತು, ಇವತ್ತೂ ಅವಳು ಕೇಳಲಿಲ್ಲ ಅಂತ. ಅದನ್ನು ದೇವರ ಲೆಕ್ಕಕ್ಕೆ ಹಾಕಲು ಧೈರ್ಯವಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಹುರಿದು, ಕೊಬ್ಬರಿ ಹೆಚ್ಚಿ, ನಾಲ್ಕು ಮನೆಗೆ ಬೀರಿ ಬಂದೆ. ಯಾರು ಏನು ಮಾತಾಡಿದರು ಒಂದೂ ನೆನಪಿಲ್ಲ. ಚಿಕ್ಕಜಾಲದಿಂದ ಅವರೆಕಾಯಿ ತರುವ ಗಾಡಿಯ ಹೆಂಗಸು ಒಂದು ದಿನ ಬೀದಿಯ ಆ ತುದಿಯಿಂದ ಕೂಗಿಕೊಂಡು ಬಂದಳು.

"ಅಕ್ಕೋ! ಕಾಯಿ ತೂಕ ಮಾಡ್ಸಿ ಅಲ್ಲೇ ಬಿಟ್ಟೋಯ್ತಾ ಇದ್ದೀರಲ್ಲ. ಮನ್ಯಾಗೆ ಏನಾರ ಆಗೈತಾ? ಯಾಕಿಂಗೆ ಮಂಕಾಗಿದ್ದೀರ?"

"ಏನಿಲ್ಲಮ್ಮ. ಚಳಿ."

"ಚಳಿಗೇ ಅಲ್ವೇ ಅವರೆ ಸೊಗಡು ಏರೋದು! ತಗಳಿ, ಮೂಸಿ ನೋಡಿ ಇಂಗೆ" ಅಂತ ಚೀಲವನ್ನೇ ಮೂಗಿನ ಹತ್ತಿರ ಹಿಡಿದಳು. ಮೂಸಿದೆ. ಏನೂ ವಾಸನೆ ಬರಲಿಲ್ಲ.

ಮನಸ್ಸು ಕೊರೆದದ್ದು ಒಂದೇ. ನನ್ನ ತಪ್ಪು ಅನ್ನುವುದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ರೇವತಿ ಆ ಬಾರದ ಮಳೆಯ ಮೇಲೆ ತನ್ನ ಹೆಸರು ಬರೆಯುತ್ತಿದ್ದಳು. ಮುಂದೊಂದು ದಿನ ಯಾರೋ ಮತ್ತೆ ಆ ಜೌಗಿಗೆ ಕೊಳವೆ ಇಳಿಸಿದರೆ ಅಂಥ ಮಳೆ ಸಿಗುವುದಿಲ್ಲ. ಆಗ ತಲೆ ತಗ್ಗಿಸುವವಳು ಅವಳು, ಯಾಕೆ ಅಂತಲೂ ಗೊತ್ತಿಲ್ಲದೆ.

ಅದೊಂದು ಮಧ್ಯಾಹ್ನ, ಅವಳು ಮನೆಯಲ್ಲಿದ್ದಳು. ಮುಂದಿನ ವಾರ ಹತ್ತು ಜನರ ಮುಂದೆ ನಿಂತು ಇದನ್ನೆಲ್ಲ ಹೇಳಬೇಕಿತ್ತು. ನಾನು ಊಟದ ಮೇಜಿನ ಹತ್ತಿರ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.

"ಕೇಳಿ ಅತ್ತಿಗೆ. ನಿಮಗೆ ಅರ್ಥ ಆದ್ರೆ ಅವರಿಗೂ ಆಗುತ್ತೆ."

"ಆಹಾ, ಅಷ್ಟು ದಡ್ಡಿ ಅಂತ ತಾನೇ?"

"ಅಷ್ಟು ಬುದ್ಧಿವಂತರು ಅಂತ."

ಹೇಳುತ್ತಾ ಹೋದಳು. ಮಂಜು ಕರಗಿದ್ದು, ಬೆಟ್ಟದಲ್ಲಿ ಹುಲ್ಲು ಹೋಗಿ ಮರ ಬಂದದ್ದು. ಕೊನೆಗೆ ಮಳೆ ಬಂತು. ಕೈಯೆತ್ತಿ ಮೇಲಿಂದ ಕೆಳಗೆ ಬಿಟ್ಟು ತೋರಿಸಿದಳು, ಹೇಗೆ ಸುರಿಯಿತು ಅಂತ.

"ಆ ಮಳೆ ಬಂದಿಲ್ಲ ಕಣೆ ರೇವತಿ" ಅಂದೆ. "ಅದು ನಾನು ಬಿಟ್ಟ ಹಾಲು."

ಅದೇ ಹೊತ್ತಿಗೆ ಮನೆಯ ಮೇಲೆ ವಿಮಾನ ಹೋಯಿತು. ಏರ್‌ಫೋರ್ಸಿನವರು ಆ ತಿಂಗಳೆಲ್ಲ ಹಾರಾಟದ ಅಭ್ಯಾಸ ಮಾಡುತ್ತಿದ್ದರು, ಶೆಲ್ಫಿನ ಲೋಟಗಳೆಲ್ಲ ಗಿರ್ರೆಂದವು. ಅವಳು ಕಿವಿ ಮುಚ್ಚಿಕೊಂಡು ನಗುತ್ತ, ಶಬ್ದ ನಿಂತ ಮೇಲೆ, "ಏನಂದ್ರಿ? ಕೇಳಿಸ್ಲಿಲ್ಲ" ಅಂದಳು.

ಏನಿಲ್ಲ ಅನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು. ಎರಡನೇ ಸಲ ಮೊದಲಿಂದ ಹೇಳಿದೆ, ಆಯುಧಪೂಜೆ, ಮಡಿಸೀರೆ, ನಾಲ್ಕನೇ ನಂಬರು, ಐದನೇ ನಂಬರು. ಈ ಸಲ ಯಾವ ವಿಮಾನವೂ ಬರಲಿಲ್ಲ.

ಅವಳು ಕೂಗಾಡಲಿಲ್ಲ. ಪುಸ್ತಕ ತೆಗೆದು ಪೆನ್ನು ಹಿಡಿದು ಕೇಳತೊಡಗಿದಳು, ಡಾಕ್ಟರು ರೋಗಿಯನ್ನು ಕೇಳುವ ಹಾಗೆ.

"ಹಸಿ ಹಾಲಾ, ಕಾಯಿಸಿದ್ದಾ?"

"ಕಾಯಿಸಿದ್ದು ಅಭಿಷೇಕಕ್ಕೆ ಬರಲ್ಲ. ಹಸೀದು."

"ಎಷ್ಟು?"

"ಒಂದೊಂದಕ್ಕೆ ಒಂದು ಉದ್ಧರಣೆ."

ಎದ್ದು ದೇವರಮನೆಗೆ ಹೋಗಿ ಉದ್ಧರಣೆ ತಂದಳು. ನೀರು ತುಂಬಿಸಿ, ಕೆಮ್ಮಿನ ಔಷಧಿಯ ಜೊತೆ ಬರುವ ಗೀಟು ಹಾಕಿದ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಬರೆದುಕೊಂಡಳು. ಅಕ್ಷರ ಒಂದೂ ಸೊಟ್ಟಗಾಗಲಿಲ್ಲ.

"ಗಂಧ?"

"ಒಂದು ಬೊಟ್ಟು."

ಅದನ್ನೂ ಬರೆದಳು. ಆಮೇಲೆ ಪೆನ್ನು ಮುಚ್ಚಿ, ಫ್ರಿಜ್ಜಿನ ಕಡೆ ನೋಡುತ್ತ, "ಹದಿಮೂರು ಸಾವಿರ ವರ್ಷ ಕೆಡದೆ ಇತ್ತು ಅತ್ತಿಗೆ. ನಮ್ಮನೇಲಿ ಹನ್ನೊಂದು ದಿನ ಇತ್ತು" ಅಂದಳು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಮೆಂತ್ಯ ಬಿಡಿಸಿ ಮುಗಿಸಿದೆ. ಸಂಜೆ ಇವರು ಬಂದು ನನ್ನ ಮುಖ ನೋಡಿದರು. "ಹೇಳ್ಬಿಟ್ಯಾ?" "ಹೇಳ್ದೆ." ಟಿವಿ ಹಾಕಿ, ಶಬ್ದ ಪೂರ್ತಿ ಇಳಿಸಿ, ನೋಡುತ್ತ ಕೂತರು. ಅವಳು ಊಟಕ್ಕೆ ಬರಲಿಲ್ಲ. ಬೆಳಿಗ್ಗೆ ನಾನಿಟ್ಟ ಕಾಫಿಯನ್ನು ಮಾತ್ರ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಡಿಪಾರ್ಟ್‌ಮೆಂಟಿಗೆ ಹೋದಳು. ಕಾಫಿ ಕುಡಿದಳಲ್ಲ ಅಂದುಕೊಂಡೆ. ಮೂರು ವಾರದಲ್ಲಿ ಮೊದಲ ಸಲ ಎಣಿಸಲು ಒಂದು ಉಪಕಾರ ಸಿಕ್ಕಿತ್ತು.

ಮುಂದೆ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊಳವೆಯ ಮಣ್ಣನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಬೇರೆ ಕಡೆ ಜೋಪಾನ ಮಾಡಿದ್ದರು. ಅದರಿಂದ ಮತ್ತೆ ಎರಡು ತುಣುಕು ಕತ್ತರಿಸಿ ಕಳಿಸಿದರು. ರಿಸಲ್ಟ್ ಬರುವಷ್ಟರಲ್ಲಿ ಆ ಮೇಡಂ ರಿಟೈರ್ ಆಗಿದ್ದರು, ಉತ್ತರದ ಕೆಲಸ ಬೇರೆ ಯಾರಿಗೋ ಆಗಿತ್ತು. ಎರಡೂ ಇರಬೇಕಾದಷ್ಟೇ ಹಳೆಯದು ಅಂತ ಬಂತು. ಮಹಾಮಳೆ ಇರಲಿಲ್ಲ. ಬೆಟ್ಟಕ್ಕೆ ಮಳೆ ಮೆಲ್ಲಗೆ ಬಂದಿತ್ತು, ನೂರಾರು ವರ್ಷ ತಗೊಂಡು, ಒಬ್ಬರ ಆಯುಸ್ಸಿನಲ್ಲಿ ಗೊತ್ತೇ ಆಗದ ಹಾಗೆ. ರೇವತಿ ಇನ್ನೊಬ್ಬರ ಕೈಕೆಳಗೆ ಅದನ್ನೇ ಬರೆದು ಮುಗಿಸಿದಳು. ಈಗ ಆರ್.ಟಿ. ನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಎರಡು ಬಸ್ಸು ಬದಲಾಯಿಸಿ ಹೋಗಿ ಬರುತ್ತಾಳೆ, ನಮ್ಮ ಜೊತೆಗೇ ಇದ್ದಾಳೆ. ಈಗಲೂ ಚಪಾತಿ ಅವಳೇ ಬೇಯಿಸುವುದು. ಆ ವಿಷಯ ನಾವು ಮತ್ತೆ ಆಡಿಲ್ಲ.

ಆದರೆ ಆ ವರ್ಷ ಅಂದರೆ ನನಗೆ ಬಂದು ನಿಲ್ಲುವುದು ಅವಳು ಡಿಪಾರ್ಟ್‌ಮೆಂಟಿಗೆ ಹೋದ ಆ ದಿನವೇ. ಮಧ್ಯಾಹ್ನ ತಾರಸಿಯಲ್ಲಿ ಮಂಚದ ದಪ್ಪ ಹೊದಿಕೆ ಒಗೆಯುತ್ತಿದ್ದಾಗ ಅವಳ ಫೋನು ಬಂತು.

"ಹೇಳ್ದೆ ಅತ್ತಿಗೆ."

"ಏನಂದ್ರು?"

"ಎರಡೂ ತೆಗೆದುಹಾಕು ಅಂದ್ರು. ಬರೆದಿದ್ದು ಕಳಿಸೋ ಹಾಗಿಲ್ಲ. ಆ ಕೆಲಸಕ್ಕೂ ಇನ್ನು ಆಗಲ್ಲ."

"ಬೈದ್ರಾ?"

"ಬೈದ್ರು. ಎಲ್ಲರ ಮುಂದೆ. ಹಾಲು ಹೇಗೆ ತಾಗ್ತು ಅಂತ ಕೇಳಿದ್ರು. ಕಾಫಿಗೆ ಹಾಲು ತೆಗೆಯುವಾಗ ಚೆಲ್ಲಿದೆ, ಒರೆಸಿ ಸುಮ್ಮನಾದೆ ಅಂದೆ."

"ಯಾರು ಚೆಲ್ಲಿದ್ದು?"

"ನಾನು."

"ಯಾಕೆ ಹಾಗಂದೆ? ನಾನೇ ಬರ್ತೀನಿ ಅಲ್ಲಿಗೆ. ಮಾಡಿದ್ದು ನಾನು, ಬೈಸ್ಕೊಳ್ಳೋದೂ ನಾನೇ."

"ಬರ್ಬೇಡಿ."

"ರೇವತಿ, ನಿನ್ನ ಹೆಸರು ಯಾಕೆ ಕೆಡಿಸ್ಕೊಂಡೆ?"

"ಪೂಜೆ ಮಾಡಿದ್ರು ಅಂದ್ರೆ ನಗ್ತಾರೆ ಅತ್ತಿಗೆ" ಅಂದಳು. "ಟೀ ಕುಡಿಯೋ ಕಡೆಯೆಲ್ಲ ಹೇಳ್ಕೊಂಡು, ವರ್ಷಗಟ್ಟಲೆ ನಗ್ತಾರೆ. ನಾನು ಚೆಲ್ಲಿದೆ ಅಂದ್ರೆ ಒಂದು ದಿನ ಬೈದು ಮರೀತಾರೆ."

ಹಿಂದೆ ಯಾವುದೋ ಬಸ್ಸಿನ ಹಾರನ್ ಕೇಳಿಸುತ್ತಿತ್ತು. ಅವಳು ರಸ್ತೆಗೆ ಬಂದು ನಿಂತು ಮಾತಾಡುತ್ತಿದ್ದಳು ಅಂತ ಕಾಣುತ್ತೆ.

"ಇದೀರಾ?"

"ಇದೀನಿ."

"ಊಟಕ್ಕೆ ಕಾಯ್ಬೇಡಿ, ಲೇಟಾಗುತ್ತೆ" ಅಂತ ಫೋನಿಟ್ಟಳು.

ತಂತಿಯ ಕೆಳಗೆ ಬಕೆಟ್ಟಿನಲ್ಲಿ ಹೊದಿಕೆ ಇತ್ತು. ಅಷ್ಟು ದಪ್ಪದ್ದನ್ನು ಒಬ್ಬರೇ ಹಿಂಡಲು ಆಗುವುದಿಲ್ಲ, ಎರಡು ಕಡೆ ಇಬ್ಬರು ಹಿಡಿದು ತಿರುಚಬೇಕು. ಒಂದು ತುದಿಯನ್ನು ಕಬ್ಬಿಣದ ಕಂಬಕ್ಕೆ ಸುತ್ತಿ ಗಂಟು ಹಾಕಿ, ಇನ್ನೊಂದು ತುದಿ ಹಿಡಿದು ನಾನೇ ತಿರುಚಿದೆ. ನೀರು ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಬಿಸಿಲಿಗೆ ಆರಲಿ ಅಂತ ತಂತಿಯ ಮೇಲೆ ಹರವಿ, ಸುಕ್ಕು ಎಳೆದು, ಕ್ಲಿಪ್ಪು ಹಾಕಿದೆ.